ಯಾರೂ ಇಲ್ಲದ ಬೀದಿ

ಬಸವಣ್ಣನ ವಿಗ್ರಹದ ಕಡೆಯಿಂದ ಹಾರೆ ನೆಲಕ್ಕೆ ಬೀಳುವ ಸದ್ದು ಕೇಳಿ ನೀಲಗಂಗಮ್ಮ ಬಡಿಯುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಕೈಗಂಟಿದ ಜೋಳದ ಹಿಟ್ಟನ್ನು ಒರೆಸಿಕೊಳ್ಳಲೂ ನಿಲ್ಲಲಿಲ್ಲ. ಹಂಪಿಯ ಪೇಟೆ ಬೀದಿಯ ಮೂಡಣ ತುದಿಯಲ್ಲಿ, ಆ ದೊಡ್ಡ ಕಲ್ಲಿನ ಬಸವಣ್ಣನ ಎದುರಿಗೇ, ಇಬ್ಬರು ಆಳುಗಳು ಗುಂಡಿ ತೋಡುತ್ತಿದ್ದರು. ಹ್ಯಾಟು ಹಾಕಿಕೊಂಡ ಯುವಕನೊಬ್ಬ ಟೇಪು ಹಿಡಿದು ಬಸವಣ್ಣನ ಪೀಠದಿಂದ ಗುಂಡಿಗೆ, ಗುಂಡಿಯಿಂದ ಮತ್ತೊಂದು ಗುರುತಿಗೆ ಅಳೆಯುತ್ತಿದ್ದ.

"ಏ ಜಡೆಪ್ಪಾ! ಮುದುಕಮ್ಮಾ! ಬರ್ರಿ ಎಲ್ಲಾರೂ!" ಎಂದು ಅವಳು ಬೀದಿಯ ನಡುವೆ ನಿಂತು ಕೂಗಿದಳು. "ಬಸವಣ್ಣನ ಬುಡಕ್ಕ ಹಾರಿ ಹಾಕ್ಯಾರ! ನಾ ಅವತ್ತಾ ಹೇಳಿದ್ದಿಲ್ಲೇನು?"

ಹೇಳಿದ್ದು ನಿಜ. ಟೇಪು ಹಿಡಿದಿದ್ದ ಈ ಗೋಪೀನಾಥ ಹೊಸಪೇಟೆಯ ವಕೀಲರ ಮಗ. ಮದ್ರಾಸಿನಲ್ಲಿ ಓದಿ ಬಂದವನು. ಎರಡು ಬಂಡಿ ತುಂಬ ಪೆಟ್ಟಿಗೆ ಹೇರಿಕೊಂಡು ಬಂದು ಇಳಿದ ದಿನವೇ ಇವನು ನಿಧಿ ಕದಿಯುವವನೆಂದು ಅವಳಿಗೆ ಅನುಮಾನ ಹತ್ತಿತ್ತು. ಬಯಸ್ಕೋಪು ಎಂಬ ಚಲಿಸುವ ಚಿತ್ರ ತೆಗೆಯುತ್ತೇನೆ, ಅದನ್ನು ಮದ್ರಾಸು ಮುಂಬಯಿಯ ಜನ ನೋಡುತ್ತಾರೆ, ನೋಡಿದವರೆಲ್ಲ ರೈಲು ಹತ್ತಿ ಹೊಸಪೇಟೆಯಲ್ಲಿ ಇಳಿದು ಹಂಪಿಗೆ ಬರುತ್ತಾರೆ ಎಂದು ಅವನು ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು ಊರವರಿಗೆ ವಿವರಿಸಿದ್ದ. ಮಂದಿ ಬಾಯಿ ತೆರೆದು ಕೇಳಿದರು. ನೀಲಗಂಗಮ್ಮ ಮಾತ್ರ ಅವನ ಪೆಟ್ಟಿಗೆಗಳ ಬೀಗಗಳನ್ನು ನೋಡುತ್ತಿದ್ದಳು. ಚಿತ್ರ ತೆಗೆಯುವವನಿಗೆ ಇಷ್ಟೊಂದು ಬೀಗ ಯಾತಕ್ಕೆ?

ಹಿಂದೊಮ್ಮೆ ಹೀಗೆಯೇ ಶಿಲಾಶಾಸನ ಓದುತ್ತೇವೆಂದು ಬಂದಿದ್ದ ನಾಲ್ಕು ಜನ, ಹೊಳೆ ದಂಡೆಯ ಹಾಳು ಗುಡಿಯ ನೆಲಗಟ್ಟನ್ನೇ ಕಿತ್ತು ಹಾಕಿ ಹೋಗಿದ್ದರು. ನಿಧಿಯ ಕೊಪ್ಪರಿಗೆ ಸಿಕ್ಕಿತೋ ಬಿಟ್ಟಿತೋ ಅವರಿಗೇ ಗೊತ್ತು. ಅವರು ಹರಿಗೋಲು ಹತ್ತಿ ಆಚೆ ದಂಡೆಯ ನಿಜಾಮರ ಸೀಮೆಗೆ ದಾಟಿಕೊಂಡರು. ಠಾಣೆಗೆ ಹೋದವನು ನೀಲಗಂಗಮ್ಮನ ಗಂಡ ತೋಟಪ್ಪ. ಅವರಿಗೆ ಊಟಕ್ಕೆ ಹಾಕಿದವನು ನೀನೇ, ದಾರಿ ತೋರಿಸಿದವನೂ ನೀನೇ ಇರಬೇಕು ಎಂದು ಪೊಲೀಸರು ಅವನನ್ನೇ ಹಿಡಿದರು. ಮರಳಿ ಬಂದಮೇಲೆ ತೋಟಪ್ಪ ಬಲಗೈಯಿಂದ ತುತ್ತು ಎತ್ತಲಿಲ್ಲ. ಹೆಚ್ಚು ದಿನ ಬದುಕಲೂ ಇಲ್ಲ. ಅಂದಿನಿಂದ ಖಾನಾವಳಿಯನ್ನು ಅವಳೇ ನಡೆಸುತ್ತಿದ್ದಳು. ಖಾನಾವಳಿಯೆಂದರೆ ಬೀದಿಯ ಬದಿಯ ಹಳೇ ಕಲ್ಲುಮಂಟಪ. ತೋಟಪ್ಪನ ಅಜ್ಜನ ಕಾಲದಲ್ಲೇ ಕಂಬಗಳ ನಡುವೆ ಮಣ್ಣಿನ ಗೋಡೆ ಎಬ್ಬಿಸಿ ಅದನ್ನು ಮನೆ ಮಾಡಿಕೊಂಡಿದ್ದರು. ಆ ಸಾಲಿನಲ್ಲಿ ಎಲ್ಲರ ಮನೆಯೂ ಹಾಗೆಯೇ.

ಕೂಗಿಗೆ ಊರೇ ಕೂಡಿತು. ಯಾರೋ ಕೋಲು ಹಿಡಿದು ಬಂದರು. ಗೋಪೀನಾಥ ಮೊದಲು ಗಾಬರಿಯಾದ. ಮಾತು ತಿಳಿದ ಮೇಲೆ ಹ್ಯಾಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಕ್ಕ.

"ನಿಧಿ ಅಲ್ರೀ ನೀಲಗಂಗಮ್ಮನೋರ, ಬಿದಿರಿನ ಗಳ ಹುಗಿಯಾಕ ಗುಂಡಿ. ಎತ್ತರಕ್ಕ ಅಟ್ಟಣಿಗಿ ಕಟ್ಟಿ, ಅದರ ಮ್ಯಾಲೆ ಚಿತ್ರಾ ತೆಗಿಯೋ ಪೆಟ್ಟಿಗಿ ಇಟ್ರ ಬೀದಿ ಪೂರಾ ಕಾಣ್ತದ. ಬೇಕಾದ್ರ ನೀವೇ ಇಳಿದು ನೋಡ್ರಿ."

ಅವಳು ಇಳಿದೇ ಬಿಟ್ಟಳು. ಗುಂಡಿ ಮೊಣಕಾಲಿನಷ್ಟಿತ್ತು. ತಳದಲ್ಲಿ ಗರಸು ಮಣ್ಣು, ಒಂದೆರಡು ಮಡಕೆಯ ಬೋಕಿ ಚೂರು. ಕೈಯಾಡಿಸಿ ನೋಡುತ್ತಿರುವಾಗಲೇ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು.

"ನಮ್ಮ ಅತ್ತಿಗಿಗೆ ಒಲಿ ಬೂದಿ ಕೆದಕಿದ್ರೂ ಬಂಗಾರ ಕಳುವಾತು ಅನಸ್ತೈತ್ರಿ," ಎಂದ ಜಡೆಪ್ಪ. ತೋಟಪ್ಪನ ತಮ್ಮ ಅವನು. ಬಯಸ್ಕೋಪಿನ ಮಾತು ಕೇಳಿದಂದಿನಿಂದ ಖಾನಾವಳಿಯ ಮಗ್ಗುಲಿಗೇ ಚಹದಂಗಡಿ ಹಾಕುವ ಕನಸು ಕಟ್ಟಿಕೊಂಡಿದ್ದ. ತನ್ನದೇ ಮನೆಯವನ ಮಾತಿಗೆ ಜನ ಇನ್ನಷ್ಟು ನಕ್ಕಾಗ ನೀಲಗಂಗಮ್ಮ ಸೆರಗು ಕೊಡವಿಕೊಂಡು ಗುಂಡಿಯಿಂದ ಹತ್ತಿ ಬಂದಳು. ಒಳಗೆ ಬಂದರೆ ಹಂಚಿನ ಮೇಲಿನ ರೊಟ್ಟಿ ಕರಿಕಾಗಿತ್ತು.

ಮರುದಿನ ಗೋಪೀನಾಥ ಮನೆ ಮನೆಗೂ ಬಂದ. "ನಾಳೆ ಒಂದು ದಿನ ಬೀದಿ ನಮಗ ಬಿಟ್ಟುಕೊಡ್ರಿ. ಸಾಮಾನು ಒಳಗಿಟ್ಟು, ಮಣ್ಣಿನ ಗ್ವಾಡಿ ಕಾಣದಂಗ ಮುಂದ ಈಚಲ ಚಾಪಿ ಕಟ್ಟಿ, ಎಲ್ಲಾರೂ ಹೊಳಿ ದಂಡಿಗೆ ಹೋಗ್ರಿ. ಅಲ್ಲೇ ಎಲ್ಲಾರಿಗೂ ಹೋಳಿಗಿ ಊಟ."

ಯಾಕೆ ಎಂಬ ಮಾತು ನೀಲಗಂಗಮ್ಮನ ನಾಲಗೆಯ ತುದಿಗೆ ಬಂದಿತ್ತು. ಬೀದಿಯ ಚಿತ್ರ ತೆಗೆಯುವವನಿಗೆ ಬೀದಿಯವರು ಯಾಕೆ ಬೇಡ? ಆದರೆ ಪಕ್ಕದ ಮಂಟಪದ ಮುದುಕಮ್ಮ ಆಗಲೇ ಅವಳ ಮುಖ ನೋಡಿ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ನೀಲಗಂಗಮ್ಮ ಮಾತನ್ನು ನುಂಗಿಕೊಂಡಳು. "ಆತು," ಎಂದಳು.

ಬೀದಿ ಬಿಟ್ಟುಕೊಟ್ಟ ದಿನ ಎಲ್ಲರೂ ಹೊಳೆಯ ಕಡೆ ಹೋದರೂ ಅವಳು ಉಣ್ಣಲಿಲ್ಲ. ಹೇಮಕೂಟ ಗುಡ್ಡದ ಬಂಡೆ ಹತ್ತಿ ಕುಳಿತಳು. ಕೆಳಗೆ ಬೀದಿ ಆ ತುದಿಯಿಂದ ಈ ತುದಿಯವರೆಗೂ ಬರಿದಾಗಿ ಬಿದ್ದಿತ್ತು. ಒಂದು ಕೋಳಿಯೂ ಇರಲಿಲ್ಲ. ಅವುಗಳನ್ನೂ ಬುಟ್ಟಿಯಡಿ ಕವುಚಿ ಇಟ್ಟಿದ್ದರು. ನಾಟಕ ಕಂಪನಿಯಿಂದ ಕರೆತಂದಿದ್ದ ನಟ, ರಾಜನ ವೇಷ ಹಾಕಿಕೊಂಡು, ಕಂಬಕಂಬಕ್ಕೂ ಕೈ ಆನಿಸಿ ನಿಲ್ಲುತ್ತ, ಎದೆ ಮುಟ್ಟಿಕೊಳ್ಳುತ್ತ ನಡೆದು ಬರುತ್ತಿದ್ದ. ಅಟ್ಟಣಿಗೆಯ ಮೇಲೆ ಗೋಪೀನಾಥ ಪೆಟ್ಟಿಗೆಯ ಹಿಡಿಕೆ ತಿರುಗಿಸುತ್ತಿದ್ದ. ತನ್ನ ಮನೆಯನ್ನು ಅಷ್ಟು ದೂರದಿಂದ, ತಾನಿಲ್ಲದೆ, ಅವಳು ಎಂದೂ ನೋಡಿರಲಿಲ್ಲ. ಹೆಣ ಎತ್ತಿದ ಮೇಲಿನ ಮನೆಯ ಹಾಗಿತ್ತು.

ದೀಪಾವಳಿ ಕಳೆದು ಚಳಿ ಬಿದ್ದಾಗ ಗೋಪೀನಾಥನಿಂದ ಹೇಳಿಕೆ ಬಂತು. ಚಿತ್ರ ಮುಗಿದಿದೆ, ಹೊಸಪೇಟೆಯ ಬಯಲಲ್ಲಿ ಡೇರೆ ಹಾಕಿ ತೋರಿಸುತ್ತಾರೆ, ಹಂಪಿಯವರು ಬರಲೇಬೇಕು. ಜಡೆಪ್ಪ ಬಂಡಿ ಕಟ್ಟಿದ. ನೀಲಗಂಗಮ್ಮನೂ ಮುದುಕಮ್ಮನೂ ಹೊರಟರು.

ಡೇರೆಯ ಹೊರಗೆ ಇಂಜಿನ್ನು ದಡದಡ ಎನ್ನುತ್ತಿತ್ತು. ಒಳಗೆ ಹೆಂಗಸರು ಒಂದು ಬದಿ, ಗಂಡಸರು ಒಂದು ಬದಿ. ಬಿಳೀ ಪರದೆಯ ಪಕ್ಕ ಒಬ್ಬ ಹಾರ್ಮೋನಿಯಂ ಹಿಡಿದು ಕೂತಿದ್ದ, ಇನ್ನೊಬ್ಬ ಪರದೆಯ ಮೇಲೆ ಮೂಡುವ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ರಾಜ ಬಂದ. ಬಂಡೆಗಳ ನಡುವೆ ನಡೆದ. ಪೇಟೆ ಬೀದಿಗೆ ಬಂದು ನಿಂತ. ಹಾರ್ಮೋನಿಯಂ ಅಳತೊಡಗಿತು.

"ಮುತ್ತು ರತ್ನಗಳನ್ನು ಅಳೆದು ಮಾರಿದ ಪೇಟೆ ಇದು," ಎಂದು ಓದುವವನು ದನಿ ತೆಗೆದ. "ಇಂದು ಇಲ್ಲಿ ನರಪ್ರಾಣಿಯ ಸುಳಿವಿಲ್ಲ. ಗಾಳಿಯೊಂದೇ ಈ ಊರಿನ ಒಡೆಯ."

ಹೆಂಗಸರ ನಡುವೆ ಮೂಗೆಳೆಯುವ ಸದ್ದು ಎದ್ದಿತು. ಚಿತ್ತವಾಡ್ಗಿಯಿಂದ ಬಂದಿದ್ದ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಎಂಥಾ ಊರು ಹಾಳಾಗಿ ಹೋತು ನೋಡ್ರಿ," ಎಂದಳು. ನೀಲಗಂಗಮ್ಮನ ಕಣ್ಣಲ್ಲೂ ನೀರು ತುಂಬಿತ್ತು. ಅಷ್ಟರಲ್ಲಿ ರಾಜ ಒಂದು ಕಂಬಕ್ಕೆ ಕೈ ಆನಿಸಿದ. ಕಂಬದ ಮೇಲ್ಭಾಗವೆಲ್ಲ ಕಪ್ಪಾಗಿತ್ತು. ಚಾಪೆ ಕಟ್ಟಿ ಮುಚ್ಚಿದರೂ ಮುಚ್ಚಿಕೊಳ್ಳದ ಕಪ್ಪು.

"ಅದು ನನ್ನ ಒಲಿ ಮಸಿ!" ಎಂದು ನೀಲಗಂಗಮ್ಮ ಎದ್ದು ನಿಂತಳು. "ಅದು ನನ್ನ ಮನಿ! ನರಪ್ರಾಣಿ ಇಲ್ಲಂತ ಹೆಂಗ ಓದ್ತೀಯೋ?"

"ಕುಂದ್ರಬೇ, ಕಾಣವಲ್ದು," ಎಂದು ಹಿಂದಿನಿಂದ ಯಾರೋ ಸೀರೆ ಜಗ್ಗಿದರು. ಮುದುಕಮ್ಮ ಅವಳನ್ನು ಕೈಹಿಡಿದು ಕೂರಿಸಿದಳು. ಈ ಸಲ ಅವಳು ನಗುತ್ತಿರಲಿಲ್ಲ.

ಆಟ ಬಿಟ್ಟ ಮೇಲೆ ಗೋಪೀನಾಥ ಡೇರೆಯ ಬಾಗಿಲಲ್ಲಿ ನಿಂತು ದೊಡ್ಡವರ ಶಹಭಾಸ್ ಪಡೆಯುತ್ತಿದ್ದ. ನೀಲಗಂಗಮ್ಮ ಆ ಗುಂಪಿನೊಳಗೇ ನುಗ್ಗಿದಳು.

"ಯಪ್ಪಾ, ನಾವು ಸತ್ತೀವಂತ ಯಾರ್ ಹೇಳಿದ್ರು ನಿನಗ?"

"ಹಂಗಲ್ಲ ನೀಲಗಂಗಮ್ಮನೋರ," ಅವನು ಅವಳನ್ನು ಪಕ್ಕಕ್ಕೆ ಕರೆದ. "ಅದು ಕಥಿ. ದೂರದ ಮಂದಿ ಹಾಳೂರು ನೋಡಾಕ ಬರ್ತಾರ. ರೊಟ್ಟಿ ಬಡಿಯೋದು ನೋಡಾಕ ಯಾರ್ ಬರ್ತಾರ್ರಿ? ಬಂದಮ್ಯಾಲೆ ಅವರು ಉಣ್ಣೋದು ನಿಮ್ಮ ಕೈಯಾಗಿನ ರೊಟ್ಟೀನ."

"ಯಾರೂ ಇಲ್ದ ಊರಿಗೆ ಬರೋರು ಬುತ್ತಿ ಕಟ್ಟಿಕೊಂಡಾ ಬರ್ತಾರ," ಎಂದಳು ಅವಳು.

ಬಂಡಿಯಲ್ಲಿ ಜಡೆಪ್ಪ ದಾರಿಯುದ್ದಕ್ಕೂ ಅವಳಿಗೆ ಬುದ್ಧಿ ಹೇಳಿದ. ದೊಡ್ಡ ಮನುಷ್ಯರ ಮುಂದೆ ಹಾಗೆಲ್ಲ ಬಾಯಿ ಮಾಡಬಾರದು, ಚಿತ್ರವೆಂದರೆ ಚಿತ್ರ, ಅದರಿಂದ ಊರೇನು ಅಳಿಸಿ ಹೋಗುತ್ತದೆಯೇ? ಅವಳು ಎತ್ತುಗಳ ಬೆನ್ನನ್ನೇ ನೋಡುತ್ತ ಕುಳಿತಿದ್ದಳು. ಕಳವು ಆದದ್ದು ಖರೆ, ಆದರೆ ಏನು ಕಳುವಾಯಿತೆಂದು ಹೇಳಲು ಅವಳಿಗೆ ಮಾತು ಸಿಗುತ್ತಿರಲಿಲ್ಲ.

ಬೇಸಿಗೆ ಕಾಲಿಡುವಾಗ ಸರ್ಕಾರದ ಓವರ್ಸಿಯರ್ ಒಬ್ಬ ಅಳತೆಯ ಸರಪಳಿ ಹಿಡಿದ ಆಳುಗಳೊಂದಿಗೆ ಬಂದ. ಮಂಟಪಗಳನ್ನು ಅಳೆಯುತ್ತ, ಕಂಬಗಳ ಮೇಲೆ ಸುಣ್ಣದಿಂದ ಗುರುತು ಹಾಕುತ್ತ ಸಾಗಿದ. ನೀಲಗಂಗಮ್ಮ ಎದ್ದು ಅವನ ದಾರಿಗೆ ಅಡ್ಡ ನಿಂತಳು.

"ಏನ್ರಿ ಇದು?"

"ನೋಡಾಕ ಬರೋ ಮಂದಿ ಜಾಸ್ತಿ ಆಗ್ಯಾರ. ಬೀದಿ ಹಸನ ಮಾಡ್ಬೇಕಂತ ಮ್ಯಾಲಿನಿಂದ ಹುಕುಂ. ಈ ಮಣ್ಣಿನ ಗ್ವಾಡಿ, ಚಪ್ಪರ ಎಲ್ಲಾ ತೆಗೀತೀವಿ."

"ತೆಗದ್ರ ನಾವೆಲ್ಲಿಗೆ ಹೋಗ್ಬೇಕು?"

ಓವರ್ಸಿಯರ್ ನಿಜಕ್ಕೂ ಗೊಂದಲದಿಂದ ಅವಳನ್ನು ನೋಡಿದ. ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ ಅವನು. "ಅದಾ ನನಗೂ ತಿಳಿಯವಲ್ದಮ್ಮಾ. ಇಲ್ಲಿ ಯಾರೂ ಇಲ್ಲ ಅಂತಾನೇ ಹೇಳಿ ಕಳಿಸ್ಯಾರ. ಮದ್ರಾಸಿನಾಗ ನಮ್ಮ ದೊರೆಗೋಳು ಈ ಬೀದಿ ಚಿತ್ರ ನೋಡ್ಯಾರ. ಪೂರಾ ಖಾಲಿ ಇತ್ತಂತ. ನೀವು ಯಾವಾಗ ಬಂದು ಸೇರ್ಕೊಂಡ್ರಿ?"

"ನನ್ನ ಗಂಡನ ಅಜ್ಜ ಇದಾ ಮಂಟಪದಾಗ ಸತ್ತಾನ," ಎಂದಳು ನೀಲಗಂಗಮ್ಮ.

"ಚಿತ್ರದಾಗಂತೂ ಇದ್ದಿದ್ದಿಲ್ಲ," ಎಂದು ಹೇಳಿ ಅವನು ಅವಳ ಹಿಂದಿನ ಕಂಬಕ್ಕೂ ಸುಣ್ಣ ಹಚ್ಚಿಸಿದ.

ಚಹದಂಗಡಿಗೆಂದು ತಂದಿದ್ದ ತಗಡುಗಳ ಪಕ್ಕ ಜಡೆಪ್ಪ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಆಮೇಲೆ ಎದ್ದು ಬಂದು, "ಬಂಡಿ ಕಟ್ಟಲೇನು ಅತ್ತಿಗೀ?" ಎಂದು ಕೇಳಿದ.

ಹೊಸಪೇಟೆಯಲ್ಲಿ ಗೋಪೀನಾಥ ತನ್ನ ಮನೆಯ ಜಗುಲಿಯ ಮೇಲೆಯೇ ಸಿಕ್ಕಿದ. ಮಾತು ಕೇಳುತ್ತ ಕೇಳುತ್ತ ಅವನ ಮುಖ ಬಿಳಿಚಿಕೊಂಡಿತು. "ದೇವರಾಣೆ, ನನಗ ಗೊತ್ತಿದ್ದಿಲ್ಲ," ಎಂದ. "ಊರಿಗೆ ಒಳ್ಳೇದಾಗಲಿ ಅಂತ ಮಾಡಿದ್ದು. ನಾನೇ ಮದ್ರಾಸಿಗೆ ಬರೀತೀನಿ."

ನೀಲಗಂಗಮ್ಮ ಅವನ ಕಣ್ಣನ್ನೇ ನೋಡಿದಳು. ಗೊತ್ತಿರಲಿಲ್ಲವೆಂಬುದು ಖರೆಯಿರಬಹುದು. ತಿಳಿದುಕೊಳ್ಳಬೇಕೆಂದು ಅನ್ನಿಸದೆಯೂ ಇರಬಹುದು. ಎರಡರಲ್ಲಿ ಯಾವುದೇ ಆಗಿದ್ದರೂ ಸುಣ್ಣದ ಗುರುತು ಅದರಿಂದ ಅಳಿಸುವುದಿಲ್ಲ.

"ಬರೆದದ್ದು ಅವರು ನಂಬಂಗಿಲ್ಲ. ಚಿತ್ರ ನಂಬ್ಯಾರ," ಎಂದಳು. "ಪೆಟ್ಟಿಗಿ ತಗೊಂಡು ಬಾ. ಈ ಸರ್ತಿ ಯಾರೂ ಹೊಳಿಗೆ ಹೋಗಂಗಿಲ್ಲ."

ಅವನು ತಡವರಿಸಿದ. ರೀಲು ಸಿಗುವುದು ಕಷ್ಟ, ಮದ್ರಾಸಿನಿಂದ ತರಿಸಬೇಕು, ಆಗಲೇ ಊರೂರಿಗೆ ಹೋದ ಚಿತ್ರಕ್ಕೆ ಹೊಸದನ್ನು ಹಚ್ಚುವುದು ಸುಲಭವಲ್ಲ ಎಂದ. ಅವಳು ಜಗುಲಿಯ ಕೆಳಗೆ ನಿಂತೇ ಇದ್ದಳು. ಒಳಗಿನಿಂದ ಅವನ ತಾಯಿ ಬಂದು ಯಾರೆಂದು ಕೇಳಿದರೂ ಕದಲಲಿಲ್ಲ. ಕೊನೆಗೆ ಅವನು, "ಸೋಮವಾರ ಬರ್ತೀನಿ," ಎಂದ.

ಸೋಮವಾರ ಬಂದ. ಈ ಸಲ ಒಂದೇ ಬಂಡಿ, ಒಂದೇ ಪೆಟ್ಟಿಗೆ. ರಾಜ ಇರಲಿಲ್ಲ, ಅಟ್ಟಣಿಗೆ ಕಟ್ಟಲಿಲ್ಲ. ಬೀದಿಯ ನಡುವೆ ಮೂರು ಕಾಲಿನ ಮೇಲೆ ಪೆಟ್ಟಿಗೆ ನಿಲ್ಲಿಸಿ, ಕರಿಯ ಬಟ್ಟೆಯೊಳಗೆ ಕೈ ತೂರಿಸಿ ಏನೇನೋ ಮಾಡಿದ. ಒಳಗೆ ಏನಿತ್ತೆಂದು ಯಾರಿಗೂ ಕಾಣಲಿಲ್ಲ.

ಊರವರೆಲ್ಲ ಬೀದಿಗೆ ಬಂದು ನಿಂತರು. ಮುದುಕಮ್ಮ ಇಳಕಲ್ ಸೀರೆ ಉಟ್ಟಿದ್ದಳು. ಬಾಣಂತಿಯೊಬ್ಬಳು ಕೂಸಿಗೆ ಕುಲಾವಿ ಹಾಕಿ ಎತ್ತಿಕೊಂಡು ಬಂದಳು. ಗಂಡಸರು ರುಮಾಲು ಸುತ್ತಿಕೊಂಡರು. ಯಾರೋ ಎಮ್ಮೆಯನ್ನೂ ಹಿಡಿದು ತಂದರು. ನೀಲಗಂಗಮ್ಮ ಎಲ್ಲರ ಮುಂದೆ, ಪೆಟ್ಟಿಗೆಯ ಗಾಜಿನ ಕಣ್ಣಿಗೆ ನೇರವಾಗಿ ನಿಂತಳು. ಗೋಪೀನಾಥ ಹಿಡಿಕೆ ತಿರುಗಿಸತೊಡಗಿದ.

"ಅತ್ತಿಗೀ," ಜಡೆಪ್ಪ ತುಟಿ ಅಲುಗಿಸದೆ ಪಿಸುಗುಟ್ಟಿದ. "ಒಳಗ ರೀಲು ಐತಂತೀಯೇನು? ಬರೇ ಹಿಡಿಕಿ ತಿರುವಿ ಹೋದ್ರ ನಮಗೆಂಗ ಗೊತ್ತಾಕೈತಿ?"

"ಗೊತ್ತಾಗಂಗಿಲ್ಲ," ಎಂದಳು ಅವಳು. "ನೆಟ್ಟಗ ನಿಂದ್ರು."

ಹಿಡಿಕೆ ನಿಂತಿತು. ಗೋಪೀನಾಥ ಹಣೆಯ ಬೆವರು ಒರೆಸಿಕೊಂಡು, "ಆತ್ರಿ, ಮುಗೀತು," ಎಂದ. ಯಾರೂ ಕದಲಲಿಲ್ಲ. ಕಮಲಾಪುರದ ಕಡೆಯಿಂದ ಜಟಕಾ ಒಂದು ಬೀದಿಗೆ ತಿರುಗಿತು. ಒಳಗೆ ಹಾಳೂರು ನೋಡಲು ಬಂದ ಪಟ್ಟಣದ ಉಡುಪಿನ ಗಂಡ ಹೆಂಡತಿ ಕತ್ತು ಚಾಚಿ ಹೊರಗೆ ನೋಡುತ್ತಿದ್ದರು. ಜಟಕಾದವನು ಗಂಟೆ ಬಾರಿಸಿದ, ಸರಿಯಿರಿ ಎಂದು ಕೂಗಿದ, ಮತ್ತೆ ಬಾರಿಸಿದ. ಕೂಸು ಒಮ್ಮೆ ಸೀನಿತು. ಎಮ್ಮೆ ಬಾಲ ಬೀಸಿತು. ಕುದುರೆ ಅವರೆದುರಿಗೆ ಬಂದು, ಮೂಗಿನಿಂದ ಉಸಿರು ಬಿಟ್ಟು, ತಾನಾಗಿಯೇ ನಿಂತುಕೊಂಡಿತು.