ನಡುವಿನ ಜಾಗ

ನಮ್ಮ ತವರಿನ ಪಿಕಪ್ ಗಾಡಿಯಲ್ಲಿ ಮುಂದೆ ಮೂರು ಜನ ಕೂರಬಹುದಿತ್ತು. ಬಲಕ್ಕೆ ಸ್ಟಿಯರಿಂಗ್ ಹಿಡಿದು ಅಣ್ಣ ಅಡಿವೆಪ್ಪ, ಎಡಕ್ಕೆ ಕಿಟಕಿಯಾಚೆ ಮೊಣಕೈ ಚಾಚಿ ತಮ್ಮ ನಿಜಗುಣ, ನಡುವೆ ನಾನು. ಆ ಹಳೆಯ ಗಾಡಿಗೆ ಮೂತಿ ಇರಲಿಲ್ಲ. ಎಂಜಿನ್ನು ಇದ್ದದ್ದು ಒಳಗೆ, ಸೀಟುಗಳ ಕೆಳಗೆ. ಅದರ ಮುಚ್ಚಳದ ಮೇಲೆ ಒಂದು ತೆಳು ದಿಂಬು ಹಾಸಿದರೆ ಅದೇ ನನ್ನ ಜಾಗ. ಬೇಸಿಗೆಯಲ್ಲಿ ಕಾದ ಹಂಚಿನ ಮೇಲೆ ಕೂತಂತಾಗುತ್ತಿತ್ತು. ಆದರೆ ನಾನು ಅಲ್ಲಿ ಕೂರುತ್ತಿದ್ದದ್ದು ಹೆಚ್ಚಾಗಿ ಪಂಚಮಿಗೆ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ. ಗಂಡನ ಮನೆಯ ಅಂಗಳದಲ್ಲಿ ಒದ್ದೆಯಾದ ಸೀರೆಯ ಅಂಚು ತವರು ಮುಟ್ಟುವುದರೊಳಗೆ ಒಣಗಿರುತ್ತಿತ್ತು. ತಿರುವುಗಳಲ್ಲಿ ಗಾಡಿ ವಾಲಿದಾಗ ಒಮ್ಮೆ ಅಣ್ಣನ ಭುಜಕ್ಕೆ ಒರಗುತ್ತಿದ್ದೆ, ಒಮ್ಮೆ ತಮ್ಮನ ಭುಜಕ್ಕೆ.

ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆದೊಯ್ಯಲು ಒಡಹುಟ್ಟಿದವರು ಬರುವುದು ನಮ್ಮ ಕಡೆಯ ರೂಢಿ. ಬೇರೆಯವರಿಗೆ ಒಬ್ಬ ಬಂದರೆ ಅದೇ ಹೆಚ್ಚು. ನನಗೆ ಇಬ್ಬರೂ ಬರುತ್ತಿದ್ದರು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಲಿ ಎಂದೇ ನಾನು ಗಾಡಿ ಹತ್ತಲು ತಡಮಾಡುತ್ತಿದ್ದೆ. ಅಷ್ಟು ಜಂಬ ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಗಾಡಿ ಅಪ್ಪನದು. ಮದುವೆ ಮನೆಗಳಿಗೆ ಹಂಡೆ, ಕೊಪ್ಪರಿಗೆ, ಶಾಮಿಯಾನ ಸಾಗಿಸುವ ದಂಧೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಓಡಿಸಿದ, ತಮ್ಮ ರಿಪೇರಿ ನೋಡಿಕೊಂಡ. ಒಂದು ಮದುವೆಯಲ್ಲಿ ನಾಲ್ಕು ಜನರೆದುರು ಯಾರೋ ಗಾಡಿಯನ್ನು ಹೊಗಳಿದಾಗ ಅಣ್ಣ ನಗುನಗುತ್ತಲೇ, "ಗಾಡಿ ನಂದು. ಇಂವ ಬರೇ ಎಣ್ಣಿ ಬಿಡಾಂವ" ಎಂದುಬಿಟ್ಟ.

"ಎಣ್ಣಿ ಬಿಡಾಂವ ಇಲ್ಲಂದ್ರ ನಿನ್ನ ಗಾಡಿ ಬರೇ ತಗಡು" ಎಂದ ತಮ್ಮ. ಅವನು ನಗಲಿಲ್ಲ.

ಮಾತಿಗೆ ಮಾತು ಬೆಳೆಯಿತು. ಊರವರು ತಪ್ಪನ್ನು ಇಬ್ಬರ ಹೆಂಡಂದಿರ ತಲೆಗೆ ಕಟ್ಟಿದರು. ಪಾಪ, ಅವರಿಬ್ಬರೂ ಕಡೆಯ ದಿನದವರೆಗೆ ಒಂದೇ ಒಲೆಯಲ್ಲಿ ರೊಟ್ಟಿ ಬಡಿದವರು. ಮನೆಯ ನಡುವೆ ಗೋಡೆ ಎದ್ದಿತು. ಹಂಡೆ ಕೊಪ್ಪರಿಗೆಗಳನ್ನು ಹಂಚಿಕೊಂಡರು. ಗಾಡಿಯ ಸರದಿ ಬಂದಾಗ ಮಾತ್ರ ಇಬ್ಬರೂ ಬಿಡಲೊಲ್ಲರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹಿರಿಯರು ತೀರ್ಪು ಕೊಟ್ಟರು: ಎಂಜಿನ್ನು ತಮ್ಮನಿಗೆ, ಉಳಿದ ಗಾಡಿ ಅಣ್ಣನಿಗೆ. ನಾನಿದ್ದರೆ ಒಪ್ಪುತ್ತಿರಲಿಲ್ಲ. ಆದರೆ ಹೆಣ್ಣುಮಕ್ಕಳನ್ನು ಹಿಸ್ಸೆಗೆ ಕರೆಯುವವರು ಯಾರು?

ತಮ್ಮ ಆ ಎಂಜಿನ್ನನ್ನು ಗೋಡೆಯ ತನ್ನ ಬದಿಯಲ್ಲಿ ಖಾರ ಕುಟ್ಟುವ ಗಿರಣಿಗೆ ಜೋಡಿಸಿದ. ಅಣ್ಣ ಗುಜರಿಯಲ್ಲಿ ನೀರಿನ ಟ್ಯಾಂಕರಿನದೊಂದು ಎಂಜಿನ್ನು ಹುಡುಕಿ ತಂದ. ಗ್ಯಾರೇಜಿನ ಮೋದಿನಸಾಬ ಅಳತೆ ನೋಡಿ, "ಅಡಿವೆಪ್ಪಣ್ಣ, ಇದು ಭಾಳ ಎತ್ತರ ಐತಿ. ಇದಕ್ಕ ಕೂಡಾಂಗಿಲ್ಲ" ಎಂದನಂತೆ. "ಕೂಡಿಸು" ಎಂದನಂತೆ ಅಣ್ಣ. ಕಬ್ಬಿಣ ಕೊಯ್ದು, ಬೆಸೆದು, ಹೇಗೋ ಕೂರಿಸಿದರು. ಗಾಡಿ ಓಡಿತು, ಆದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ ಮೈಯೆಲ್ಲ ನಡುಗುತ್ತಿತ್ತು. ಎಂಜಿನ್ನಿನ ಮುಚ್ಚಳ ಮುಚ್ಚಲಿಲ್ಲ. ಅದರ ಮೇಲೆ ಎದೆಮಟ್ಟದ ತಗಡಿನ ಡಬ್ಬಿಯೊಂದನ್ನು ಬಡಿದರು.

ಆ ವರ್ಷದ ಪಂಚಮಿಗೆ ಅಣ್ಣ ಒಬ್ಬನೇ ಬಂದ. ಗಾಡಿಗೆ ಹೊಸ ಬಣ್ಣ ಬಳಿಸಿದ್ದ. ನಾನು ಬಾಗಿಲು ತೆಗೆದು ಒಳಗೆ ನೋಡಿದೆ.

"ನನ್ನ ಜಾಗಾ ಎಲ್ಲೈತಿ ಅಣ್ಣಾ?"

"ಬದೀಗೆ ಕುಂದ್ರವಾ ತಂಗಿ. ಗಾಳಿ ಬರ್ತೈತಿ, ಆರಾಮ ಆಕ್ಕೈತಿ."

"ಅದು ನಿಜಗುಣನ ಜಾಗಾ."

ಅಣ್ಣ ಸ್ಟಿಯರಿಂಗ್ ಒರೆಸುತ್ತ ಕೂತ. ನನಗೆ ಸಿಟ್ಟು ನೆತ್ತಿಗೇರಿತ್ತು. "ಇಬ್ರೂ ಕೂಡಿ ನನ್ನ ಜಾಗಾ ತಿರುಗಿ ಮಾಡ್ರಿ, ಇಬ್ರೂ ಕೂಡಿ ಕರಿಯಾಕ ಬರ್ರಿ. ಅಲ್ಲೀಮಟಾ ನಾ ತವರಮನಿ ಹೊಸ್ತಿಲಾ ತುಳಿಯೂದಿಲ್ಲ" ಎಂದು ಬಾಗಿಲು ಬಡಿದೆ. ಅಣ್ಣ ಶೇಂಗಾ ಉಂಡಿಯ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಒಂದು ಚೊಂಬು ನೀರು ಕುಡಿದು ಹೋದ.

ಮರುದಿನ ತಮ್ಮ ಬಸ್ಸಿನಲ್ಲಿ ಬಂದ, ಮೈಯೆಲ್ಲ ಮೆಣಸಿನಕಾಯಿಯ ಘಾಟು. ಅವನಿಗೂ ಅದೇ ಮಾತು ಹೇಳಿದೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಮನಿಯಾಂವ ಬಂದಿದ್ನೇನು?" ಎಂದು ಕೇಳಿದ.

ಹೀಗೆ ವರ್ಷಗಳು ಕಳೆದವು. ಪಂಚಮಿಗೆ ಅಣ್ಣ, ಪಂಚಮಿಯ ಮರುದಿನ ತಮ್ಮ. ಎರಡು ಬುಟ್ಟಿ ಉಂಡಿ, ಎರಡು ಸಲ ಅದೇ ಉತ್ತರ. ಅಣ್ಣನೂ ತಮ್ಮನ ಹೆಸರು ಹೇಳದೆ, "ಗಿರಣಿಯಾಂವ ಏನಂದಾ?" ಎಂದು ವಿಚಾರಿಸುತ್ತಿದ್ದ. ನಮ್ಮ ಯಜಮಾನರು ನನ್ನನ್ನು ಹಟಮಾರಿ ಎಂದರು. ಓಣಿಯ ಹೆಂಗಸರೆಲ್ಲ ತವರಿನ ಜೋಕಾಲಿ ಜೀಕಿ ಬರುತ್ತಿದ್ದರು, ನಾನು ಉಂಡಿ ಹಂಚುತ್ತ ಕೂರುತ್ತಿದ್ದೆ. ತವರಿನ ಆಸೆ ಇಲ್ಲದೆ ಅಲ್ಲ. ಆಸೆಯಿಂದಲೇ ಹಟ ಹಿಡಿದಿದ್ದೆ. ನಾನೂ ಸುಮ್ಮನಾದರೆ ಅವರಿಬ್ಬರನ್ನು ಕೂಡಿಸುವ ನೆಪ ಇನ್ನೊಂದು ಉಳಿದಿರಲಿಲ್ಲ. ಕಳೆದ ಪಂಚಮಿಯಲ್ಲಿ ಅಣ್ಣ ಬಂದಾಗ ನೀರು ಕುಡಿಯುವಾಗಲೂ ಕೆಮ್ಮುತ್ತಿದ್ದ. "ಮಳಿಗೆ ಹಿಂಗ ಆಕ್ಕೈತಿ" ಎಂದ. ನಾನು ನಂಬಿದೆ.

ಅದಾದ ಮೇಲೆ ಬಂದ ಬೇಸಿಗೆ. ಹಬ್ಬವಲ್ಲ, ಹುಣ್ಣಿಮೆಯಲ್ಲ. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಶ್ಯಾವಿಗೆ ಹರವುತ್ತಿದ್ದೆ. ಗಾಡಿ ಬಂದು ನಿಂತಿತು. ನಡುಗದೆ, ಹದವಾಗಿ, ಅಪ್ಪ ನಿಲ್ಲಿಸುತ್ತಿದ್ದ ಹಾಗೆ. ಸ್ಟಿಯರಿಂಗಿನ ಹಿಂದೆ ಇದ್ದವನು ತಮ್ಮ! ನಾನು ಓಡಿ ಹೋಗಿ ಅವನ ಬದಿಯ ಬಾಗಿಲು ತೆಗೆದೆ. ತಗಡಿನ ಡಬ್ಬಿ ಇರಲಿಲ್ಲ. ಮುಚ್ಚಳ ಮಟ್ಟಸವಾಗಿ ಕೂತಿತ್ತು. ಅದರ ಮೇಲೆ ಅವ್ವನ ಹಳೆಯ ಕೌದಿಯ ತುಂಡಿನಲ್ಲಿ ಹೊಲಿದ ದಿಂಬು, ಹೊಲಿಗೆ ಅಂಕುಡೊಂಕು.

"ಬಂದ್ರು! ಇಬ್ರೂ ಬಂದ್ರು!" ಎಂದು ಒಳಗೆ ಕೂಗಿದೆ. ಆಮೇಲೆ ಎಡಗಡೆಯ ಸೀಟು ನೋಡಿದೆ. ಅಲ್ಲಿ ಅಣ್ಣನ ರುಮಾಲು ಮಾತ್ರ ಇತ್ತು, ಮಡಿಚಿಟ್ಟದ್ದು.

"ಅಣ್ಣ ಎಲ್ಲೋ?"

ನಿಜಗುಣನ ಕೈಯಲ್ಲಿ ಗ್ರೀಸು ಇನ್ನೂ ಹಾಗೇ ಇತ್ತು. ಅವನು ನನ್ನ ಮುಖ ನೋಡಲಿಲ್ಲ. "ಅಣ್ಣನ್ನ ಕುಂದ್ರಿಸಿ ಬಂದೇನಿ ಅಕ್ಕಾ" ಎಂದ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಕೂರಿಸುತ್ತಾರೆ. ಕೈಯಲ್ಲಿದ್ದ ಶ್ಯಾವಿಗೆಯನ್ನು ಯಾರು ತೆಗೆದುಕೊಂಡರೋ ನನಗೆ ತಿಳಿಯಲಿಲ್ಲ.

ನಾನು ಗಾಡಿ ಹತ್ತಿದೆ. "ಬದೀಗೆ ಕುಂದ್ರು ಅಕ್ಕಾ, ನಡಕ ಸುಡ್ತೈತಿ" ಎಂದ ತಮ್ಮ.

"ಅದು ಅಣ್ಣನ ಜಾಗಾ" ಎಂದು ನಡುವೆ ಕೂತೆ.

ದಾರಿಯಲ್ಲಿ ಅವನು ಹೇಳಿದ. ಕೆಮ್ಮು ಮಳೆಯದಾಗಿರಲಿಲ್ಲ, ಡಾಕ್ಟರು ಕೈಚೆಲ್ಲಿದ್ದನ್ನು ಅಣ್ಣ ಯಾರಿಗೂ ಹೇಳಿರಲಿಲ್ಲ. ಒಂದು ದಿನ ಗೋಡೆ ಸುತ್ತಿ ಗಿರಣಿಗೆ ಬಂದನಂತೆ, ಗೋಡೆ ಎದ್ದ ಮೇಲೆ ಮೊದಲ ಸಲ. "ಬಿಚ್ಚೋ ಇದನ್ನ. ತಂಗಿ ಜಾಗಾ ಇಬ್ರೂ ಕೂಡಿ ಹಾಳ ಮಾಡೇವಿ, ಇಬ್ರೂ ಕೂಡೇ ಮಾಡೂಣು" ಎಂದನಂತೆ. ತಮ್ಮ ಗಿರಣಿ ನಿಲ್ಲಿಸಿದ. ಮೋದಿನಸಾಬನ ಗ್ಯಾರೇಜಿನಲ್ಲಿ ಅವನು ಟ್ಯಾಂಕರಿನ ಎಂಜಿನ್ನು ಇಳಿಸಿ, ಹಳೆಯದನ್ನು ಉಜ್ಜಿ ಅದರ ಜಾಗಕ್ಕೆ ಕೂರಿಸುವಷ್ಟು ದಿನವೂ ಅಣ್ಣ ನೆರಳಲ್ಲಿ ಕೂತು ದಬ್ಬಣ ಹಿಡಿದು ಈ ದಿಂಬು ಹೊಲಿದ. ಎತ್ತುವ ಶಕ್ತಿ ಇರಲಿಲ್ಲ, ಹೊಲಿಯುವುದನ್ನು ಯಾರಿಗೂ ಬಿಡಲಿಲ್ಲ.

"ನಿನ್ನೆ ಸಂಜೀಮುಂದ ಚಾಲೂ ಆತು ಅಕ್ಕಾ. ನಾ ಎಡಕ್ಕ ಹೋದೆ, ರೂಢಿ ನೋಡು. ಅಣ್ಣ ನನ್ನ ಕೈಯಾಗ ಕೀಲಿ ಕೊಟ್ಟು, 'ನೀ ಓಡ್ಸೋ, ಗಾಡಿ ನಿಂದು' ಅಂದಾ. ಓಣಿ ಸುತ್ತಿ ಬಂದ್ವಿ. ನಾಳೆ ಮುಂಜಾನೆದ್ದು ತಂಗೀನ ಕರಕೊಂಡ ಬರೂಣು ಅಂತ ಬಟ್ಟಿ ತೆಗೆದಿಟ್ಟು ಮಲಗಿದಾಂವ..."

ನಾನು ಬಾಯಿಗೆ ಸೆರಗು ಒತ್ತಿ ಅತ್ತೆ. ಅಂಥ ಹಟ ಯಾಕೆ ಬೇಕಿತ್ತು ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಹಟ ಮಾಡದಿದ್ದರೆ ಅಣ್ಣ ಗೋಡೆ ಸುತ್ತಿ ಹೋಗುತ್ತಿದ್ದನೇ ಎಂದು ನಾನೂ ಕೇಳುತ್ತೇನೆ. ಆದರೂ ಅವನು ತಂದಿಟ್ಟ ಉಂಡಿಯ ಬುಟ್ಟಿಗಳು ನೆನಪಾದಾಗ ಆ ಮಾತು ನನಗೇ ಸಾಲುವುದಿಲ್ಲ.

ಕೆಳಗೆ ಎಂಜಿನ್ನು ಕಾದು ದಿಂಬು ಸುಡುತ್ತಿತ್ತು. ತಮ್ಮ ಎರಡು ಸಲ ಬದಿಗೆ ಸರಿ ಎಂದ. ನಾನು ಏಳಲಿಲ್ಲ. ಊರಿನ ಹೊರಗಿನ ತಿರುವಿನಲ್ಲಿ ಗಾಡಿ ಎಡಕ್ಕೆ ವಾಲಿತು, ನಾನೂ ವಾಲಿದೆ. ತಾಗಲು ಭುಜವಿರಲಿಲ್ಲ. ರುಮಾಲು ಜಾರಿ ಬೀಳುತ್ತಿತ್ತು; ಅದನ್ನು ಹಿಡಿದು ಅದರ ಜಾಗದಲ್ಲೇ ಇಟ್ಟು, ಮನೆ ಬರುವವರೆಗೂ ಅದರ ಮೇಲೆ ಕೈಯಿಟ್ಟುಕೊಂಡು ಕೂತೆ.