ಮಂಕರಿ ಎತ್ತಿಕೊಟ್ಟವನು

ಅವತ್ತು ಬೆಳಿಗ್ಗೆ ನಂಜನಗೂಡಿನ ಮೇಲೆ ಮಂಜು ದಟ್ಟವಾಗಿ ಕೂತಿತ್ತು. ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿದ್ದ ದಿನಗಳು. ಕಪಿಲೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಹೊಳೆಯಲ್ಲಿ ಮುಳುಗು ಹಾಕುತ್ತಿದ್ದವರಿಗೂ ತಿಳಿಯುತ್ತಿರಲಿಲ್ಲ. ಗುಡಿಯ ಗಂಟೆ ಕೇಳುತ್ತಿತ್ತು, ಗೋಪುರ ಕಾಣುತ್ತಿರಲಿಲ್ಲ.

ನಂಜೇಶ್ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಸ್ಟುಡಿಯೋದ ಷಟರ್ ಎತ್ತಿದ. ಅದು ಅವನ ಅಪ್ಪ ಬಸವಯ್ಯನವರು ಇಟ್ಟ ಸ್ಟುಡಿಯೋ. ಅವರ ಕಾಲದಲ್ಲಿ ತೆಗೆದ ಪಟಕ್ಕೆಲ್ಲ ನೆಗೆಟಿವ್ ಇರುತ್ತಿತ್ತು. ಮದುವೆಯಾಗಿ ಮೊಮ್ಮಕ್ಕಳಾದ ಮೇಲೆ ಬಂದು ಕೇಳಿದರೂ ಕವರು ಹುಡುಕಿ ಮತ್ತೊಂದು ಪಟ ತೊಳೆದುಕೊಡುತ್ತಿದ್ದರು. ಈಗ ಅವರು ಪಟ ತೊಳೆಯುತ್ತಿದ್ದ ಕತ್ತಲಕೋಣೆಯಲ್ಲಿ ಒಂದು ಕಂಪ್ಯೂಟರು ಕೂತಿತ್ತು. ಮೈಸೂರಿಗೆ ಓಡಾಡಿ ನಂಜೇಶ್ ಫೋಟೋಶಾಪ್ ಕಲಿತು ಬಂದಿದ್ದ.

ಅವನ ಹೆಂಡತಿ ಶಿವರಂಜನಿ ಜ್ವರದಲ್ಲಿ ತೀರಿಕೊಂಡು ವರ್ಷ ಕಳೆದಿತ್ತು. ಅವನಿಗೆ ಅಳು ಬಂದಿರಲಿಲ್ಲ. ಹಲ್ಲು ಕೀಳಿಸಲು ಹೋದಾಗ ಸೂಜಿ ಚುಚ್ಚಿದ ಮೇಲೆ ದವಡೆ ಹೇಗಾಗುತ್ತದೋ ಹಾಗಾಗಿತ್ತು ಅವನ ಜೀವ. ಮುಟ್ಟಿದರೆ ಇದೆ, ಆದರೆ ತನ್ನದಲ್ಲ. ಮನೆಯಲ್ಲಿ ಇರಲಾರದೆ ಹೊಸ ಡಿಜಿಟಲ್ ಕ್ಯಾಮೆರಾ ಹಿಡಿದು ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದ. ಒಂದು ದಿನ ಕಳಲೆ, ಒಂದು ದಿನ ಬನ್ನೂರು, ಒಂದು ದಿನ ನರಸೀಪುರದ ಸಂಗಮ. ನೀರು ಕುಡಿಯುವ ಎತ್ತು, ಮರದ ಕೆಳಗೆ ಗಡ್ಡ ಹೆರೆಸಿಕೊಳ್ಳುವ ಮುದುಕ, ಹಪ್ಪಳ ಒಣಗಿಸುವ ಹೆಂಗಸು, ಏನು ಸಿಕ್ಕಿದರೂ ತೆಗೆಯುತ್ತಿದ್ದ.

ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಆ ಪಟಗಳನ್ನು ಕಂಪ್ಯೂಟರಿಗೆ ಹಾಕಿ ಒಂದೊಂದನ್ನೇ ಅಳಿಸುತ್ತ ಕೂರುತ್ತಿದ್ದ. ಮೊದಲು ಕರೆಂಟು ತಂತಿ ಹೋಗುತ್ತಿತ್ತು. ಆಮೇಲೆ ಪ್ಲಾಸ್ಟಿಕ್ ಕವರು. ಆಮೇಲೆ ಜನ. ಪಕ್ಕದ ಕಲ್ಲನ್ನು ತಂದು ಕಾಲಿನ ಮೇಲೆ ಮುಚ್ಚುವುದು, ಪಕ್ಕದ ನೀರನ್ನು ತಂದು ಮೈಮೇಲೆ ಹೊದಿಸುವುದು. ಕೊನೆಗೆ ಒಬ್ಬರೇ ಉಳಿದರೆ ಅವನ ಕೈ ನಿಲ್ಲುತ್ತಿತ್ತು. ಸೇವ್ ಒತ್ತುತ್ತಿದ್ದ.

ಬುತ್ತಿ ತಂದ ತಾಯಿ ಚನ್ನಾಜಮ್ಮ ಒಮ್ಮೆ ಗೋಡೆಯ ಮೇಲಿನ ಪಟಗಳನ್ನೆಲ್ಲ ನೋಡಿ, "ಇದೇನ್ಲಾ ಮಗ, ಊರಿಗೂರೇ ಗುಳೆ ಎದ್ದೋಯ್ತಾ? ಒಂದ್ರಲ್ಲೂ ಒಂದ್ ನರಪಿಳ್ಳೆಗೆ ಜೊತೆ ಇಲ್ವಲ್ಲ" ಅಂದಿದ್ದರು. ನಂಜೇಶ್ ಬುತ್ತಿಯ ಮುಚ್ಚಳ ತೆಗೆದಿದ್ದ.

ಮಂಜು ಕರಗಿ ಬೀದಿಗೆ ಬಿಸಿಲು ಬಿದ್ದ ಹೊತ್ತಿಗೆ ವಯಸ್ಸಾದವನೊಬ್ಬ ಬಂದು ಬಾಗಿಲ ಹೊರಗೇ ನಿಂತ. ಬಿಳಿ ಗಡ್ಡ ಬೆಳೆದಿತ್ತು. ಹೆಗಲ ಮೇಲೆ ಟವಲ್ಲು.

"ಪಾಸ್‌ಪೋರ್ಟ್ ಸೈಜು ತೆಗೀತೀರಾ ಸಾ? ಪೆನ್ಸನ್ನಿಗೆ ಅರ್ಜಿ ಆಕ್ಬೇಕು."

"ಒಳಗೆ ಬನ್ನಿ ಯಜಮಾನ್ರೇ. ಯಾವೂರು?"

"ನರಸೀಪುರದ ತಾವು ಸಾ, ಒಳೆ ಆಚ್ಕಡೆ. ಎಸ್ರು ಮಾರಯ್ಯ ಅಂತ. ಈಗ ತಗಡೂರಲ್ಲಿ ಮಗಳ ಮನೇಲಿವ್ನಿ."

ಮಾರಯ್ಯ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಒಳಗೆ ಬಂದ. ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂತ. "ಗಲ್ಲ ಸ್ವಲ್ಪ ಕೆಳಗೆ. ಇಲ್ಲಿ ನೋಡಿ" ಎಂದು ನಂಜೇಶ್ ಎಷ್ಟು ಹೇಳಿದರೂ ಅವನ ಕಣ್ಣು ಕ್ಯಾಮೆರಾದ ಕಡೆ ಬರಲಿಲ್ಲ. ಗೋಡೆಯ ಮೇಲೆ ನೆಟ್ಟಿತ್ತು. ಅಲ್ಲಿ ಗಾಜು ಹಾಕಿಸಿದ ದೊಡ್ಡ ಪಟವೊಂದಿತ್ತು. ಸಂಗಮದ ಮೆಟ್ಟಿಲು, ಎಳೆಬಿಸಿಲು. ಹೊಳೆಯಲ್ಲಿ ತೊಳೆದ ಸೊಪ್ಪಿನ ಮಂಕರಿ ಇನ್ನೇನು ತಲೆಯ ಸಿಂಬಿಯ ಮೇಲೆ ಕೂರಬೇಕು. ಒಬ್ಬ ಹೆಂಗಸು ಎರಡೂ ಕೈ ಎತ್ತಿ ಅದನ್ನು ಬರಮಾಡಿಕೊಳ್ಳುತ್ತಿದ್ದಳು. ಮಂಕರಿಯಿಂದ ನೀರು ಸೋರುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ನೋಡಿದವರೆಲ್ಲ ಹೊಗಳಿದ್ದ ಪಟ ಅದು.

"ಅದು ನಮ್ಮ ಪುಟ್ಟಮಾದಮ್ಮ ಕಣ್ಸಾ" ಅಂದ ಮಾರಯ್ಯ. "ನನ್ನೆಂಡ್ರು. ಓದ ಬ್ಯಾಸ್ಗೇಲಿ ತೀರ್ಕಂಡ್ಲು."

ನಂಜೇಶ್ ಕ್ಯಾಮೆರಾ ಇಳಿಸಿದ. ಮಾರಯ್ಯ ಎದ್ದು ಪಟದ ಹತ್ತಿರ ಹೋದ. ಗಾಜನ್ನು ಮುಟ್ಟಲಿಲ್ಲ. ಬಹಳ ಹೊತ್ತು ಹೆಂಡತಿಯ ಮುಖವನ್ನೇ ನೋಡಿದ. ಆಮೇಲೆ ಅವಳ ಪಕ್ಕದ ಬರಿ ಮೆಟ್ಟಿಲನ್ನು ನೋಡಿದ.

"ನಾನೆಲ್ಲಿ ಸಾ?"

"ಅಂದ್ರೆ?"

"ಮಂಕರಿ ಎತ್ಕೊಟ್ಟಿದ್ದು ನಾನೇ ಅಲ್ವಾ? ಇಲ್ಲಿದ್ದೆ. ನೀವು ಕೆಳಗ್ಲ ಮೆಟ್ಲಲ್ಲಿ ನಿಂತಿದ್ರಿ. ಯಾರೋ ಪಟ ತೆಗೀತಾವ್ರೆ, ಅಂಗಿ ಗುಂಡಿ ಆಕ್ಕೋ ಮೂದೇವಿ ಅಂತ ಬೈದ್ಲು ಇವ್ಳು. ಆಕ್ಕಂಡೆ." ಅವನ ಬೆರಳು ಕೆಳಗಿಳಿಯಿತು. "ಅಗೋ ಸಾ, ನೆಳ್ಳು ನನ್ದೇ."

ನಂಜೇಶ್ ನೋಡಿದ. ಹೌದು, ಮೆಟ್ಟಿಲ ಮೇಲೆ ಎರಡು ನೆರಳಿದ್ದವು. ಆಳನ್ನು ಅಳಿಸಿದ್ದ, ನೆರಳನ್ನು ಮರೆತಿದ್ದ. ಅಳಿಸುವಾಗ ಮುಖವನ್ನೂ ನೋಡಿರಲಿಲ್ಲ.

"ನಾನೇ ತೆಗೆದುಬಿಟ್ಟೆ" ಅಂದ. "ಒಬ್ಬರೇ ಇದ್ದರೆ ಚೆನ್ನಾಗಿ ಕಾಣುತ್ತೆ ಅಂತ."

"ಈಗ ನಾನು ಸತ್ತು ಅವ್ಳು ಬದುಕವ್ಳೆ ಅನ್ನಂಗೆ ಕಾಣ್ತದೆ." ಮಾರಯ್ಯ ನಕ್ಕನೋ ಏನೋ, ಗಡ್ಡ ಅಲುಗಿತು. "ಅಂಗೇ ಆಗಿದ್ರೆ ಚಂದಾಗಿತ್ತು. ಓಗ್ಲಿ ಸಾ, ಇಬ್ರೂ ಇರೋದು ಒಂದು ತೆಗೆದ್ಕೊಡಿ. ಓಟಿನ ಕಾರ್ಡಲ್ಲಿ ಅವ್ಳ ಮುಕ ಮಸಿ ಬಳ್ದಂಗದೆ. ಇಬ್ರೂ ಕೂಡಿ ಪಟ ಅಂತ ತೆಗೆಸ್ಕಂಡಿದ್ದೇ ಇಲ್ಲ."

ನಂಜೇಶ್ ಕಂಪ್ಯೂಟರಿನ ಮುಂದೆ ಕೂತು ಹುಡುಕಿದ. ಸಿಗದೆಂದು ಗೊತ್ತಿದ್ದೂ ಹುಡುಕಿದ. ಅಳಿಸಿದ ಪಟವನ್ನು ಅದೇ ಹೆಸರಿನಲ್ಲಿ ಸೇವ್ ಮಾಡಿದ್ದ. ಮೊದಲಿನದರ ಮೇಲೇ ಇದು ಕೂತುಬಿಟ್ಟಿತ್ತು. ಕ್ಯಾಮೆರಾದ ಕಾರ್ಡನ್ನು ಅಂದೇ ಖಾಲಿ ಮಾಡಿದ್ದ. ನೆಗೆಟಿವ್ ಎಂಬುದಿರಲಿಲ್ಲ.

"ಇಲ್ಲ ಮಾರಯ್ಯನವ್ರೇ" ಅಂದ. ಆ ಮಾತು ಹೇಳುವಾಗಲೂ ಅವನಿಗೆ ಒಳಗೆ ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂಬುದಷ್ಟೇ ತಿಳಿಯಿತು. ಆಮೇಲೆ ಅಂದ: "ನಾಡಿದ್ದು ಬೆಳಿಗ್ಗೆ ಸಂಗಮಕ್ಕೆ ಬರ್ತೀರಾ? ಅದೇ ಮೆಟ್ಟಿಲ ಮೇಲೆ ನಿಲ್ಲಿ. ನಿಮ್ಮನ್ನ ತೆಗೆದು ಅವರ ಪಕ್ಕಕ್ಕೆ ತರ್ತೀನಿ."

ಆ ದಿನ ಸಂಗಮದಲ್ಲಿ ಮಂಜಿರಲಿಲ್ಲ. ಗುಂಜಾ ನರಸಿಂಹನ ಗುಡಿಯ ಹಿಂದಿನಿಂದ ಬಿಸಿಲು ಬೇಗನೆ ಮೆಟ್ಟಿಲಿಗೆ ಇಳಿದಿತ್ತು. ಮಾರಯ್ಯ ಅಂದು ಹೆಂಡತಿಯ ಜೊತೆ ನಿಂತಾಗಿನ ಅಂಗಿಯನ್ನೇ ಹಾಕಿಕೊಂಡು ಬಂದಿದ್ದ, ಗುಂಡಿಯನ್ನೆಲ್ಲ ಹಾಕಿದ್ದ. ತನ್ನ ಮೆಟ್ಟಿಲನ್ನು ತಾನೇ ಹುಡುಕಿ ನಿಂತು, ಗಾಳಿಗೆ ಕೈ ಎತ್ತಿದ.

ನಂಜೇಶ್ ತೆಗೆದು ನೋಡಿದ. ಸರಿಹೋಗಲಿಲ್ಲ. ಬರಿಗೈ ಬರಿಗೈಯಂತೆಯೇ ಕಾಣುತ್ತಿತ್ತು. ತೋಳಿನಲ್ಲಿ ಭಾರವಿಲ್ಲ, ಬೆನ್ನಿನಲ್ಲಿ ಬಾಗು ಇಲ್ಲ. ಎಷ್ಟು ಸಲ ತೆಗೆದರೂ ಆಶೀರ್ವಾದ ಮಾಡುತ್ತಿರುವ ಸ್ವಾಮಿಗಳ ಹಾಗೆ ನಿಂತಿದ್ದ.

ಕೆಳಗೆ ಸೊಪ್ಪು ತೊಳೆಯುತ್ತಿದ್ದ ರಾಮಮ್ಮ ಆಗಿನಿಂದ ನೋಡುತ್ತಿದ್ದಳು. ಊರಲ್ಲಿ ಮಾರಯ್ಯನ ಪಕ್ಕದ ಬೀದಿಯವಳು.

"ಏನ್ ಮಾರಣ್ಣ, ಸಿನಿಮಾಕ್ಕೆ ಸೇರ್ಕಂಡ್ಯಾ?"

ಸಂಗತಿ ತಿಳಿದ ಮೇಲೆ, "ಅಯ್ಯೋ ಅಷ್ಟೇನಾ, ನನ್ ಮಂಕರಿ ಎತ್ತು ಬಾ. ಎಂಗೂ ಯಾರಾದ್ರೂ ಎತ್ಕೊಡ್ಬೇಕು" ಎಂದು ಬಂದು ಪುಟ್ಟಮಾದಮ್ಮನ ಜಾಗದಲ್ಲಿ ನಿಂತಳು. ಸೆರಗನ್ನು ಸುತ್ತಿ ಸಿಂಬಿ ಮಾಡಿ ತಲೆಗಿಟ್ಟುಕೊಂಡಳು. "ಪುಟ್ಟಮಾದಿ ಮ್ಯಾಲಿಂದ ನೋಡ್ಬುಟ್ಟು, ನನ್ ಗಂಡನ ಜೊತೆ ಇವಳ್ಗೇನು ಕೆಲ್ಸ ಅಂತ ಜಗಳಕ್ಕೆ ಬಂದಾಳು. ನೀವೇ ಸಾಕ್ಸಿ ಸಾ."

ಮಾರಯ್ಯ ಬಗ್ಗಿ ಮಂಕರಿಯ ಎರಡೂ ಬದಿ ಹಿಡಿದ. ಮಂಡಿಗೆ ಒತ್ತುಕೊಟ್ಟು ಎತ್ತಿದ. ನೀರು ಅವನ ಮೊಣಕೈಯಿಂದ ಅಂಗಿಯೊಳಗೆ ಇಳಿಯಿತು. ಭಾರ ಸಿಂಬಿಯ ಮೇಲೆ ಇಳಿಯುವ ಹೊತ್ತಿಗೆ, ದಿನಾ ಹೇಳುತ್ತಿದ್ದವನ ಹಾಗೆ, ಸಣ್ಣ ದನಿಯಲ್ಲಿ ಅಂದ:

"ಕತ್ತು ನೆಟ್ಗಿರ್ಲಿ, ಮಾದೀ."

ರಾಮಮ್ಮನ ನಗು ನಿಂತಿತು. ಕತ್ತು ನೆಟ್ಟಗೆ ಮಾಡಿಕೊಂಡು ಹಾಗೆಯೇ ನಿಂತಳು. ನಂಜೇಶ್ ಒತ್ತಿದ. ಇನ್ನೊಂದು ತೆಗೆಯಬೇಕೆಂದುಕೊಂಡ, ಬೆರಳು ಏಳಲಿಲ್ಲ. ರಾಮಮ್ಮ ಮಂಕರಿ ಹೊತ್ತು ಮೆಟ್ಟಿಲು ಹತ್ತಿ ಹೋದಳು. ಮಾರಯ್ಯ ಟವಲ್ಲಿನಿಂದ ಕೈ ಒರೆಸಿಕೊಂಡ.

ಸ್ಟುಡಿಯೋದಲ್ಲಿ ನಂಜೇಶ್ ಮಾರಯ್ಯನನ್ನು ಆ ಬೆಳಗಿನಿಂದ ಬಿಡಿಸಿ ತಂದು ಹಳೆಯ ಬೆಳಗಿನಲ್ಲಿ ನಿಲ್ಲಿಸಿದ. ಕೈಗಳು ಪುಟ್ಟಮಾದಮ್ಮನ ಮಂಕರಿಗೆ ಬಂದು ಕೂತವು. ಕಾಲು ತನ್ನ ನೆರಳನ್ನು ತಾನೇ ಹುಡುಕಿಕೊಂಡಿತು. ಗಡ್ಡವೊಂದು ಉಳಿಯಿತು. ಹೋದ ವರ್ಷ ಅವನಿಗೆ ಇಷ್ಟು ಬೆಳ್ಳಗಿನ ಗಡ್ಡ ಇರಲಿಲ್ಲವೇನೋ. ಗಿರಾಕಿಗಳಿಗೆ ಕೂದಲು ಕಪ್ಪು ಮಾಡಿ, ಸುಕ್ಕು ತೆಗೆದು ಕೊಡುವುದು ಅವನ ನಿತ್ಯದ ಕೆಲಸ. ಮೌಸ್ ಹಿಡಿದು ಸ್ವಲ್ಪ ಹೊತ್ತು ಕೂತ. ಆಮೇಲೆ ಗಡ್ಡವನ್ನು ಮುಟ್ಟದೆ ಬಿಟ್ಟ. ಈ ಸಲ ಬೇರೆ ಹೆಸರು ಕೊಟ್ಟು ಸೇವ್ ಮಾಡಿದ.

ಚನ್ನಾಜಮ್ಮ ಹಿಂದೆ ಬಂದು ನಿಂತಿದ್ದರು. "ಈಗ ಆ ಯಮ್ಮಂಗೆ ಬಲ ಬಂತು ನೋಡು" ಅಂದರು. ಬುತ್ತಿ ಕೆಳಗಿಟ್ಟು, "ಶಿವರಂಜನಿ ಪಟಕ್ಕೊಂದು ಕಟ್ಟು ಹಾಕ್ಸು ಮಗ. ಹೂ ಮುಡಿಸಕ್ಕೆ ಒಂದು ಮುಖ ಬೇಕಲ್ಲ ನಂಗೆ" ಅಂದರು. ನಂಜೇಶ್ "ಹೂಂ" ಅಂದ. ಗೋಡೆಯ ಮೇಲಿನ ದೊಡ್ಡ ಪಟವನ್ನು ಇಳಿಸಿ, ಗಾಜು ಬಿಚ್ಚಿ, ಹೊಸದನ್ನು ಅದೇ ಕಟ್ಟಿಗೆ ಸೇರಿಸಿದ. ಗೋಡೆಯಲ್ಲಿ ಪಟವಿದ್ದ ಜಾಗ ಬೆಳ್ಳಗೆ ಉಳಿಯಿತು.

ತಗಡೂರಿನಲ್ಲಿ ಮಗಳು ರೋಜಾಳ ಮನೆಯ ಜಗುಲಿಯಲ್ಲಿ ಮಾರಯ್ಯ ಅವರೆಕಾಯಿ ಸುಲಿಯುತ್ತ ಕೂತಿದ್ದ. ನಂಜೇಶನನ್ನು ಕಂಡು ಕಾಯಿ ಪಕ್ಕಕ್ಕೆ ಸರಿಸಿ ಜಾಗ ಮಾಡಿದ. ಒಳಗಿನಿಂದ ರೋಜಾ ಲೋಟದಲ್ಲಿ ನೀರು ತಂದು, ಕೊಡಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತಳು. ನಂಜೇಶ್ ಕೈ ನೀಡಿ ಇಸಿದುಕೊಂಡು ಕುಡಿದ.

"ಬಸ್ಸು ಸಿಕ್ತಾ ಸಾ?"

"ಸಿಕ್ತು."

"ಈ ವರ್ಸ ಅವರೆ ಸೊಗಡು ಚಂದಾಗದೆ. ಅಮ್ಮಾವ್ರಿಗೆ ಒಸಿ ತಕ್ಕೋಗಿ."

ಬೀದಿಯಲ್ಲಿ ಯಾವುದೋ ಕೋಳಿ ಸಿಪ್ಪೆ ಕೆದಕುತ್ತಿತ್ತು. ಇಬ್ಬರೂ ಅದನ್ನು ನೋಡಿದರು. ನಂಜೇಶ್ ಲೋಟ ಕೆಳಗಿಟ್ಟು, ಚೀಲದಿಂದ ಪಟ ತೆಗೆದು, ಸುತ್ತಿದ್ದ ಪೇಪರನ್ನು ಬಿಡಿಸಿದ. ಎರಡೂ ಕೈಯಿಂದ ಅದನ್ನು ಮಾರಯ್ಯನ ಕೈಗೆ ಕೊಟ್ಟ.