ಶಾಂತರಾಜು ಮೇಷ್ಟ್ರ ರೇಷ್ಮೆ ಎಳೆ

ಶಾಂತರಾಜು ಮೇಷ್ಟ್ರ ಕಂದು ಕೋಟಿನ ಎಡಜೇಬಿನಲ್ಲಿ ಸೀಮೆಸುಣ್ಣ ಇದ್ದದ್ದನ್ನು ನಾನು ಕಾಣೆ. ಅಲ್ಲಿರುತ್ತಿದ್ದುದು ರೇಷ್ಮೆ ದಾರ. ಅವರ ಮಡದಿ ಪದ್ಮಿನಿಯವರು ಕೊಳ್ಳೇಗಾಲದಲ್ಲಿ ಮಗ್ಗ ನಡೆಸುತ್ತಿದ್ದರು. ಅಲ್ಲಿ ಉಳಿದ ತುಂಡೆಳೆಗಳೆಲ್ಲ ನಮ್ಮ ಭೌತಶಾಸ್ತ್ರದ ತರಗತಿಗೆ ಸಲ್ಲುತ್ತಿದ್ದವು. ಎಡಗಾಲನ್ನು ತುಸು ಎಳೆಯುತ್ತ ಒಳಬಂದವರೇ ಎಳೆಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿದು, ಇನ್ನೊಂದನ್ನು ನನ್ನ ಕೈಗಿತ್ತು, ನಡುವೆ ಮೀಟುತ್ತಿದ್ದರು.

“ಒಂದೇ ದಾರ ಕಣವ್ವ ಯಶೋದ. ಇಂಗ್ ನಡುಗುದ್ರೆ ಎಲೆಕ್ಟ್ರಾನು, ಅಂಗ್ ನಡುಗುದ್ರೆ ಕ್ವಾರ್ಕು!”

ಪರಮಾಣುವನ್ನು ಒಡೆಯುತ್ತ ಹೋದರೆ ಕಟ್ಟಕಡೆಗೆ ಸಿಗುವುದು ಚುಕ್ಕೆಯಲ್ಲ, ಕಂಪಿಸುವ ತಂತು ಎಂದು ಅವರು ಪಠ್ಯದಲ್ಲಿಲ್ಲದ್ದನ್ನು ಹೇಳುವಾಗ ನಮಗೆ ಗಂಟೆ ಬಾರಿಸಿದ್ದೂ ಕೇಳುತ್ತಿರಲಿಲ್ಲ. ಈ ತಂತುಸಿದ್ಧಾಂತವನ್ನೇ ಹಿಗ್ಗಿಸಿದ ಎಂ-ಸಿದ್ಧಾಂತದ ಪಾಠದ ದಿನ ಸೀರೆಯ ತುಂಡೊಂದನ್ನೇ ಹಿಡಿದು ಅಲುಗಿಸಿದರು: ತಂತುಗಳಷ್ಟೇ ಅಲ್ಲ, ಪೊರೆಗಳೂ ಉಂಟು, ಆಯಾಮಗಳು ಹನ್ನೊಂದು, ಅವುಗಳಲ್ಲಿ ಏಳು ನಮ್ಮ ಕಣ್ಣಿಗೆ ಬೀಳವು.

ಜಿಲ್ಲಾ ವಿಜ್ಞಾನಗೋಷ್ಠಿಗೆ ನಾನು ಇದನ್ನೇ ಬಾಯಿಪಾಠ ಮಾಡಿದ್ದೆ. ಗೆದ್ದವರಿಗೆ ಬೆಂಗಳೂರಿನಲ್ಲಿ ಹತ್ತು ದಿನದ ಶಿಬಿರ. ನಾನೋ ಮೈಸೂರನ್ನೂ ಕಂಡವಳಲ್ಲ. ಗೋಷ್ಠಿಯ ಬೆಳಿಗ್ಗೆ ಮೊದಲ ಬಸ್ಸಿಗೇ ಮೇಷ್ಟ್ರು ಮುಳ್ಳೂರಿನ ನಮ್ಮ ಮನೆಗೆ ಬಂದರು. ಕೋಟಿನ ಗುಂಡಿಗಳು ತಪ್ಪುತಪ್ಪಾಗಿ ಬಿದ್ದಿದ್ದವು.

“ತಪ್ಪ್ ಮಾಡ್ಬುಟ್ಟೆ ಕಣವ್ವ. ದಾರ ಐತೆ ಅಂತ್ಲೇ ಯೋಳ್ಕೊಟ್ಟೆ. ಇರ್ಬೋದು ಅನ್ಬೇಕಿತ್ತು. ಇನ್ನೂ ಯಾರೂ ಕಂಡಿಲ್ಲ.”

ಅವ್ವ ಬಸವಮ್ಮನಿಗೆ ರೇಗಿತು. “ಇವತ್ತೊಂದಿನ ಅಂಗೇ ಯೋಳ್ಲಿ ಬುಡಿ ಸಾ, ಗೆದ್ಕಬತ್ತಳೆ!”

“ಅವಳಿಷ್ಟ ಕಣವ್ವ” ಎಂದು ಮೇಷ್ಟ್ರು ತಲೆ ತಗ್ಗಿಸಿದರು. ನನಗೂ ಅವರ ಮೇಲೆ ವಿಪರೀತ ಸಿಟ್ಟು ಬಂದಿತ್ತು.

ವೇದಿಕೆಯಲ್ಲಿ ದಾರ ಮೀಟಿದಾಗ ಚಪ್ಪಾಳೆ ಬಿತ್ತು. ಆಮೇಲೆ ತೀರ್ಪುಗಾರರೊಬ್ಬರು, “ಇದಕ್ಕೆ ಪ್ರಯೋಗದ ಪುರಾವೆ ಇದೆಯೇನಮ್ಮ?” ಎಂದರು. ಹಿಂದಿನ ಸಾಲಿನಲ್ಲಿ ಆ ಕಂದು ಕೋಟು ಕಂಡಿತು. “ಇಲ್ಲ ಸಾರ್. ಗಣಿತ ಹಾಗೆ ಹೇಳುತ್ತದೆ, ಅಷ್ಟೇ” ಎಂದೆ. ಬಹುಮಾನ ಬೇರೆಯವರ ಪಾಲಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ಹದಿನೇಳರ ಹುಡುಗಿಯಾದ ನನಗೆ ಎರಡೂ ಕೈ ಜೋಡಿಸಿದರು.

ಈಗ ನಾನು ಹನೂರಿನಲ್ಲಿ ಅದೇ ಪಾಠ ಮಾಡುತ್ತೇನೆ, ಕಿಟಕಿಯ ಸರಳಿಗೆ ದಾರ ಬಿಗಿದು. “ಇರಬಹುದು” ಎನ್ನುವಾಗಲೆಲ್ಲ ಅವರ ಋಣ ನೆನಪಾಗುತ್ತದೆ. ತಿಳಿದದ್ದನ್ನು ಕಲಿಸುವ ಗುರುಗಳು ಬೇಕಾದಷ್ಟು ಮಂದಿ ಸಿಗುತ್ತಾರೆ. ತಿಳಿಯದೆ ಉಳಿದಿರುವುದನ್ನು ತಿಳಿಸಲು ಮೊದಲ ಬಸ್ಸು ಹಿಡಿದು ಶಿಷ್ಯರ ಬಾಗಿಲಿಗೆ ಬರುವವರು, ಜನ್ಮಕ್ಕೊಬ್ಬರು ಸಿಕ್ಕರೂ ನಮ್ಮ ಪುಣ್ಯ.